ಮಾಗಡಿ ಕೆರೆ ಏರಿ ಮೇಲೆ ಮಂಡಿನೋವಿನ ಅಪ್ಪನನ್ನು ಕರೆದುಕೊಂಡು ಹೋಗಬಹುದಾ?

ಕಿಟಕಿಗುಬ್ಬಿ:
ನಮಸ್ಕಾರ ಎಲ್ಲರಿಗೂ. ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ಡಿಸೆಂಬರ್ ರಜೆಗೆ ಮಾಗಡಿ ಕೆರೆಗೆ ಹೋಗಲೇಬೇಕು ಅಂತ ಮಗಳ ಹಟ. ಹಿಮಾಲಯ ದಾಟಿ ಬರುವ ಬಾತುಗಳ ಬಗ್ಗೆ ಶಾಲೆಯಲ್ಲಿ ಯಾರೋ ಹೇಳಿದ್ದಾರಂತೆ. ಅವಳಿಗೆ 10 ವರ್ಷ. ಜೊತೆಗೆ ಅಪ್ಪ ಬರುತ್ತಾರೆ. ಅವರಿಗೆ 68, ಎರಡೂ ಮಂಡಿ ನೋವು. ಜಾಸ್ತಿ ನಡೆಯೋಕೆ ಆಗುವುದಿಲ್ಲ, ಆದರೆ ಮನೆಯಲ್ಲಿ ಬಿಟ್ಟು ಹೋದರೆ ಬೇಜಾರು ಮಾಡಿಕೊಳ್ಳುತ್ತಾರೆ.
ಎಷ್ಟು ನಡೆಯಬೇಕಾಗುತ್ತದೆ? ಯಾವ ಹೊತ್ತಿಗೆ ಹೋಗಬೇಕು? ನಮ್ಮ ಹತ್ತಿರ ದುರ್ಬೀನು ಇಲ್ಲ. ಹಕ್ಕಿಗಳ ಹೆಸರೂ ಗೊತ್ತಿಲ್ಲ. ಕಾಗೆ, ಗುಬ್ಬಿ, ಬೆಳ್ಳಕ್ಕಿ ಬಿಟ್ಟರೆ ಎಲ್ಲವೂ ನನಗೆ 'ಒಂದು ಹಕ್ಕಿ'.

ಸಿಲ್ಕ್ ಬೋರ್ಡ್ ಸಂತ್ರಸ್ತ:
ಸುಮ್ನೆ ಹೋಗಬೇಡಿ ಮೇಡಂ. ಹೋದ ವರ್ಷ ಜನವರಿಯಲ್ಲಿ ಬೆಂಗಳೂರಿನಿಂದ ಅಷ್ಟು ದೂರ ಕಾರು ಓಡಿಸಿಕೊಂಡು ಹೋಗಿದ್ದೆವು. ಸಾವಿರಾರು ಹಕ್ಕಿ ಅಂತ ಓದಿದ್ದೆ. ಕೆರೆ ನಡುವೆ ಬೂದು ಬಣ್ಣದ ಚುಕ್ಕೆಗಳು ಕಂಡವು, ಅಷ್ಟೇ. ಒಂದೂ ಅಲ್ಲಾಡಲಿಲ್ಲ. ಬಿಸಿಲು ಬೇರೆ. ಅರ್ಧ ಗಂಟೆಗೆ ವಾಪಸ್ ಬಂದೆವು.

ನಸುಕಿನ ನಡಿಗೆ:
ಸರ್, ಎಷ್ಟು ಗಂಟೆಗೆ ಹೋಗಿದ್ದಿರಿ?

ಸಿಲ್ಕ್ ಬೋರ್ಡ್ ಸಂತ್ರಸ್ತ:
ಹನ್ನೊಂದೂವರೆ ಇರಬೇಕು. ಮೊದಲು ಲಕ್ಕುಂಡಿ ನೋಡಿಕೊಂಡು ಹೋದೆವು.

ನಸುಕಿನ ನಡಿಗೆ:
ಅಲ್ಲೇ ತಪ್ಪಿದ್ದು ನೋಡಿ. ಗುಡಿ ಮಧ್ಯಾಹ್ನವೂ ಅಲ್ಲೇ ಇರುತ್ತದೆ. ಬಾತುಗಳದ್ದು ಬೇರೆ ಲೆಕ್ಕ.
ನಾನು ಗದಗದವನು, ಮೇಷ್ಟ್ರು. ಎಂಟು-ಹತ್ತು ಚಳಿಗಾಲಗಳಿಂದ ಈ ಕೆರೆಗೆ ಹೋಗಿ ಬರುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.
ಮೊದಲು ದಾರಿ. ಇದು ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಗದಗಿನಿಂದ 26 ಕಿ.ಮೀ., ಲಕ್ಷ್ಮೇಶ್ವರದಿಂದ 11, ಶಿರಹಟ್ಟಿಯಿಂದ 8. ಮೊಬೈಲಿನಲ್ಲಿ 'ಮಾಗಡಿ' ಅಂತಷ್ಟೇ ಹಾಕಿದರೆ ಅದು ನಿಮ್ಮನ್ನು ಕೆಂಪೇಗೌಡರ ಮಾಗಡಿಗೆ ಕಳಿಸುತ್ತದೆ. ನಗಬೇಡಿ, ನನ್ನ ಸಂಬಂಧಿಕರೊಬ್ಬರಿಗೆ ಹಾಗೇ ಆಗಿದೆ.
ಎಲ್ಲರೂ ಪಕ್ಷಿಧಾಮ ಅನ್ನುತ್ತಾರೆ. ಕಾಗದದ ಮೇಲೆ ಅದು ಸಂರಕ್ಷಣಾ ಮೀಸಲು. ಮೂಲದಲ್ಲಿ ಊರವರ ನೀರಾವರಿಗೆ ಮಳೆನೀರು ಹಿಡಿದಿಡಲು ಕಟ್ಟಿದ ಕೆರೆ. ನೀರು ಹರಡಿಕೊಳ್ಳುವುದು ಸುಮಾರು 134 ಎಕರೆ. ದೊಡ್ಡದೇನಲ್ಲ. 2024ರ ಜನವರಿ ಕೊನೆಗೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿಗೆ ಸೇರಿತು. ಅದೇ ಸಲ ನಮ್ಮ ರಾಜ್ಯದ ಅಂಕಸಮುದ್ರ, ಅಘನಾಶಿನಿ ಅಳಿವೆ ಕೂಡ ಸೇರಿದವು. ಅದಕ್ಕೂ ಮೊದಲು 2022ರಲ್ಲಿ ಸೇರಿದ್ದ ರಂಗನತಿಟ್ಟು ಒಂದೇ ಇತ್ತು.
ಈಗ ಮುಖ್ಯ ವಿಷಯ. ಇಲ್ಲಿನ ನಾಯಕ ಪಟ್ಟೆತಲೆ ಹೆಬ್ಬಾತು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಗೆರೆ. ತೂಕ ಎರಡರಿಂದ ಮೂರು ಕಿಲೋ. ಮೀನಿಗಾಗಿ ಕೆರೆಗೆ ಬರುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಇದು ಮೇಯುವ ಹಕ್ಕಿ, ದನದ ಹಾಗೆ. ಹುಲ್ಲು, ಚಿಗುರು, ಕಾಳು. ಆದರೆ ದನ ಹಗಲು ಮೇದು ರಾತ್ರಿ ಕೊಟ್ಟಿಗೆಗೆ ಬರುತ್ತದೆ. ಇದು ಉಲ್ಟಾ. ಸಂಜೆ ಎದ್ದು ಸುತ್ತಲಿನ ಹೊಲಗಳಿಗೆ ಹೋಗುತ್ತದೆ, ರಾತ್ರಿಯೆಲ್ಲ ಮೇಯುತ್ತದೆ, ಬೆಳಿಗ್ಗೆ ಕೆರೆಗೆ ಬಂದು ಮಲಗುತ್ತದೆ. ನೀವು ಹನ್ನೊಂದೂವರೆಗೆ ಹೋದರೆ ಕೊಟ್ಟಿಗೆಯಲ್ಲಿ ಮಲಗಿದ ದನ ನೋಡಿದ ಹಾಗೆ. ಅದು ಎದ್ದು ಕುಣಿಯಲಿ ಅಂದರೆ ಹೇಗೆ?
ಆದ್ದರಿಂದ ಎರಡೇ ಹೊತ್ತು. ಬೆಳಕು ಹರಿಯುವಾಗ, ಇಲ್ಲಾ ಹೊತ್ತು ಮುಳುಗುವಾಗ. ಡಿಸೆಂಬರಿನಲ್ಲಿ ಆರೂಕಾಲಿಗೆ ಏರಿ ಮೇಲೆ ಇದ್ದರೆ ಸರಿ. ಮೊದಲು ದನಿ ಕೇಳುತ್ತದೆ, ಆಮೇಲೆ ಸಾಲು ಕಾಣುತ್ತದೆ.
ತಂದೆಯವರ ವಿಷಯ: ಚಿಂತೆ ಬೇಡ. ಇಲ್ಲಿ ನಡೆದವರಿಗಿಂತ ಕೂತವರಿಗೇ ಜಾಸ್ತಿ ಕಾಣುತ್ತದೆ. ಒಂದು ಮಡಚುವ ಕುರ್ಚಿ ಒಯ್ಯಿರಿ. ಸೂರ್ಯ ಬೆನ್ನ ಹಿಂದೆ ಇರುವಂತೆ ಕೂರಿಸಿ. ನೀವೂ ಮಗಳೂ ಏರಿ ಮೇಲೆ ನಿಧಾನಕ್ಕೆ ನಡೆದು ಬನ್ನಿ.

ಕಿಟಕಿಗುಬ್ಬಿ:
ತುಂಬಾ ಧನ್ಯವಾದ ಸರ್. ದುರ್ಬೀನು ಕೊಳ್ಳುವುದಾದರೆ ಯಾವುದು? ಅಂಗಡಿಯವನು 20 ಪಟ್ಟು ದೊಡ್ಡದು ಮಾಡುವುದನ್ನೇ ತಗೊಳ್ಳಿ ಅಂತಿದ್ದಾನೆ.

ನಸುಕಿನ ನಡಿಗೆ:
ಬೇಡವೇ ಬೇಡ. ಅದನ್ನು ಕೈಯಲ್ಲಿ ಹಿಡಿದರೆ ಕೆರೆಯೇ ನಡುಗುತ್ತದೆ. '8x42' ಅಂತ ಬರೆದಿರುವುದನ್ನು ನೋಡಿ. 8 ಅಂದರೆ ಎಂಟು ಪಟ್ಟು ಹತ್ತಿರ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ನಸುಕಿನ ಮಬ್ಬಿನಲ್ಲಿ ಆ 42 ಕೆಲಸಕ್ಕೆ ಬರುತ್ತದೆ. ಮಗುವಿನ ಕುತ್ತಿಗೆಗೆ ಭಾರ ಅನಿಸಿದರೆ 8x32.

ಎರೆಹೊಲ:
ಎಲ್ಲ ಓದುತ್ತಾ ಇದ್ದೆ. ಮೇಷ್ಟ್ರು 'ಸುತ್ತಲಿನ ಹೊಲಗಳಿಗೆ ಹೋಗುತ್ತದೆ' ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರು. ಆ ಹೊಲಗಳಲ್ಲಿ ಒಂದು ನಮ್ಮದು ನೋಡ್ರಿ.
ನಿಮ್ಮ ಏರಿಗೆ ನಾವು ಒಡ್ಡು ಅಂತೀವಿ. ಒಡ್ಡಿನಿಂದ ನಮ್ಮ ಹೊಲ ಕಾಣುತ್ತದೆ. ಹಕ್ಕಿ ನೋಡಲು ಬಂದವರು ಕೆರೆ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಹೊಲದ ಕಡೆ ಒಬ್ಬರೂ ತಿರುಗಿ ನೋಡುವುದಿಲ್ಲ. ಬಾತುಗಳು ಊಟ ಮಾಡುವುದು ಈ ಕಡೆ.
ನವೆಂಬರಿನಲ್ಲಿ ಅವು ಬರುವ ಹೊತ್ತಿಗೆ ಶೇಂಗಾ ಕಿತ್ತು ಆಗಿರುತ್ತದೆ. ನೆಲದಲ್ಲಿ ಉಳಿದ ಕಾಯಿ ಆರಿಸಿ ತಿನ್ನುತ್ತವೆ. ತಿನ್ನಲಿ, ಏನೂ ತೊಂದರೆ ಇಲ್ಲ. ಹೋಗುವಾಗ ಹಿಕ್ಕೆ ಹಾಕಿ ಹೋಗುತ್ತವೆ, ಅದು ಗೊಬ್ಬರ. ಆದರೆ ಅದೇ ಹೊತ್ತಿಗೆ ಪಕ್ಕದ ಹೊಲದಲ್ಲಿ ಕಡಲೆ ಮೊಳಕೆ ಒಡೆದಿರುತ್ತದೆ. ಒಂದು ರಾತ್ರಿ ಇನ್ನೂರು ಬಾತು ಇಳಿದರೆ ಬೆಳಿಗ್ಗೆ ಸಾಲೇ ಇರುವುದಿಲ್ಲ. ಬಿತ್ತಿದ ಮೇಲೆ ಸುಮಾರು ಮೂರು ವಾರ ನಾವು ಬ್ಯಾಟರಿ ಹಿಡಿದು ಹೊಲ ಕಾಯುತ್ತೇವೆ. ಗಿಡ ಗಟ್ಟಿಯಾದರೆ ಆಮೇಲೆ ಅಷ್ಟು ಕಾಟ ಇಲ್ಲ.
ದೂರು ಹೇಳುತ್ತಿಲ್ಲ. ಅವು ಬರದ ವರ್ಷ ನಮಗೂ ಬಿಕೋ ಅನಿಸುತ್ತದೆ. ಕೆರೆಗೆ ನೀರು ಬರದಿದ್ದರೆ ಅವೂ ಇಲ್ಲ, ನಮಗೆ ಬೆಳೆಯೂ ಇಲ್ಲ. ಇಬ್ಬರದ್ದೂ ಮಳೆಯ ಮೇಲೇ ನಿಂತಿದೆ. ಆದರೆ ಬರೆಯುವಾಗ ಹೊಲವನ್ನೂ ಸೇರಿಸಿ ಬರೆಯಿರಿ.

ನಸುಕಿನ ನಡಿಗೆ:
ಒಪ್ಪಿದೆ ಅಣ್ಣಾ. ನನ್ನದೇ ತಪ್ಪು.

ಮೂರನೇ ಲೆನ್ಸ್:
ಫೋಟೋ ತೆಗೆಯುವವರಿಗೆ ಒಂದು ಟಿಪ್ಸ್. ಬಾತುಗಳು ಎದ್ದು ಹಾರುವ ಚಿತ್ರ ಬೇಕಾದರೆ ಏರಿಯ ಕೊನೆಯಿಂದ ಒಬ್ಬರು ನೀರಿನ ಕಡೆ ಇಳಿದು ಜೋರಾಗಿ ಚಪ್ಪಾಳೆ ಹೊಡೆಯಬೇಕು. ಇನ್ನೊಬ್ಬರು ಈ ಕಡೆ ರೆಡಿ ಇರಬೇಕು. ಎರಡು ಸಾವಿರ ಹಕ್ಕಿ ಒಟ್ಟಿಗೆ ಏಳುತ್ತವೆ. ಅದ್ಭುತ ಫ್ರೇಮ್.

ಹೊಳೆದಂಡೆ:
ಇದನ್ನು ಟಿಪ್ಸ್ ಅಂತ ಬೇರೆ ಹೇಳುತ್ತೀರಾ?

ಎರೆಹೊಲ:
ಹೋದ ವರ್ಷ ಒಂದು ತಂಡ ಕಲ್ಲು ಎಸೆಯುತ್ತಿತ್ತು. ನಾನೇ ಹೋಗಿ ಬೈದು ಕಳಿಸಿದೆ.

ಮೂರನೇ ಲೆನ್ಸ್:
ಕಲ್ಲು ಎಸೆಯಿರಿ ಅಂತ ನಾನು ಹೇಳಿಲ್ಲ. ಚಪ್ಪಾಳೆಯಿಂದ ಏನಾಗುತ್ತದೆ? ಎರಡು ನಿಮಿಷ ಹಾರಿ ಮತ್ತೆ ಕೂರುತ್ತವೆ.

ನಸುಕಿನ ನಡಿಗೆ:
ಜಗಳ ಬೇಡ, ಲೆಕ್ಕ ಹಾಕೋಣ. ಈ ಬಾತು ಗರುಡ, ಹದ್ದುಗಳ ಹಾಗೆ ರೆಕ್ಕೆ ಚಾಚಿ ತೇಲುವ ಹಕ್ಕಿ ಅಲ್ಲ. ಹಾರುವಷ್ಟು ಹೊತ್ತೂ ರೆಕ್ಕೆ ಬಡಿಯಲೇಬೇಕು. ಅದಕ್ಕೆ ಖರ್ಚು ಜಾಸ್ತಿ. ಬೆಳಿಗ್ಗೆಯಿಂದ ಸಂಜೆವರೆಗೆ ಹತ್ತು ಜನ ಹತ್ತು ಸಲ ಎಬ್ಬಿಸಿದರೆ ರಾತ್ರಿ ಮೇದದ್ದೆಲ್ಲ ಅದಕ್ಕೇ ಹೋಯಿತು. ಮಾರ್ಚ್ ಹೊತ್ತಿಗೆ ಕೊಬ್ಬು ಕಟ್ಟಿಕೊಂಡು ವಾಪಸ್ ಹೊರಡಬೇಕು, ಮಧ್ಯೆ ಹಿಮಾಲಯ ಇದೆ. ಇನ್ನೊಂದು, ಇಲ್ಲಿ ಕೂರಲು ಬಿಡದಿದ್ದರೆ ಹಗಲಲ್ಲೇ ಹೊಲಕ್ಕೆ ಇಳಿಯುತ್ತವೆ. ಆಗ ಎರೆಹೊಲ ಅವರ ಕಡಲೆ ಗತಿ ಏನು?
ಹಾರುವ ಚಿತ್ರ ಬೇಕಾದರೆ ಸಂಜೆ ಐದೂವರೆಯಿಂದ ಕಾಯಿರಿ. ತಾವೇ ಏಳುತ್ತವೆ. ಬೆಳಕೂ ಚೆನ್ನಾಗಿರುತ್ತದೆ.

ಮೂರನೇ ಲೆನ್ಸ್:
ಹೊಲದ ವಿಷಯ ಯೋಚಿಸಿರಲಿಲ್ಲ. ಸರಿ. ಸಂಜೆ ಹೋಗಿ ನೋಡುತ್ತೇನೆ.

ಕಿಟಕಿಗುಬ್ಬಿ:
ಮಗಳ ಪ್ರಶ್ನೆ: ಇವು ನಿಜವಾಗಿ ಎವರೆಸ್ಟ್ ಮೇಲಿಂದ ಹಾರುತ್ತವಾ?

ನಸುಕಿನ ನಡಿಗೆ:
ಹಾಗೊಂದು ಕಥೆ ತುಂಬಾ ವರ್ಷಗಳಿಂದ ಇದೆ. ಬೆನ್ನಿಗೆ ಸಣ್ಣ ಯಂತ್ರ ಕಟ್ಟಿ ಅಳೆದಾಗ ಸಿಕ್ಕ ಅತಿ ಹೆಚ್ಚು ಎತ್ತರ 7,290 ಮೀಟರ್. ಎವರೆಸ್ಟ್ 8,848. ಅಂದರೆ ತುದಿಯ ಮೇಲಿಂದಲ್ಲ, ಕಣಿವೆ, ಕಣಿವೆ ಹುಡುಕಿಕೊಂಡು ದಾಟುತ್ತವೆ. ನೆಲ ಏರಿದರೆ ಏರುತ್ತವೆ, ಇಳಿದರೆ ಇಳಿಯುತ್ತವೆ. ಗಳಿಸಿದ ಎತ್ತರ ಯಾಕೆ ಬಿಟ್ಟುಕೊಡಬೇಕು ಅಂತ ನಮಗೆ ಅನಿಸುತ್ತದೆ. ಆದರೆ ಮೇಲೆ ಹೋದಷ್ಟೂ ಗಾಳಿ ತೆಳು, ರೆಕ್ಕೆ ಜಾಸ್ತಿ ಬಡಿಯಬೇಕು. ಇಳಿದು ಹತ್ತುವುದೇ ಅಗ್ಗ. ಮುಖ್ಯವಾದ ಏರನ್ನು ರಾತ್ರಿ ಅಥವಾ ಬೆಳಗಿನ ಜಾವ ಹತ್ತುತ್ತವೆ. ಆಗ ಗಾಳಿ ತಣ್ಣಗೆ, ದಟ್ಟವಾಗಿರುತ್ತದೆ. ಅವುಗಳ ರಕ್ತವೂ ನಮ್ಮ ಊರಿನ ಬಾತಿನ ರಕ್ತಕ್ಕಿಂತ ಬೇಗ ಆಮ್ಲಜನಕ ಹಿಡಿದುಕೊಳ್ಳುತ್ತದೆ.
ಎಲ್ಲಿಂದ ಬರುತ್ತವೆ ಅಂದರೆ ಟಿಬೆಟ್, ಮಂಗೋಲಿಯಾ ಕಡೆಯಿಂದ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಅಕ್ಷರದ ಪಟ್ಟಿ ಹಾಕಿ ಬಿಟ್ಟ ಬಾತುಗಳು ಮೈಸೂರು ಕಡೆಯ ಹದಿನಾರು ಕೆರೆಯಲ್ಲಿ ಕಂಡಿವೆ. ನಿಮ್ಮ ಮಗಳಿಗೆ ಹೇಳಿ, ಪ್ರತಿ ಬಾತಿನ ಕುತ್ತಿಗೆ ನೋಡಲಿ. ಪಟ್ಟಿ ಕಂಡರೆ ಅಕ್ಷರ ಬರೆದುಕೊಳ್ಳಲಿ. ಅದಕ್ಕಿಂತ ದೊಡ್ಡ ಕೆಲಸ ಅಲ್ಲಿ ಬೇರೆ ಇಲ್ಲ.

ಹೊಳೆದಂಡೆ:
ನಾನು ಸೊರಬದವಳು. ನಮ್ಮ ಗುಡವಿ ಕೂಡ ಚಿಕ್ಕ ಕೆರೆಯೇ. ಆದರೆ ಅಲ್ಲಿಯ ಕಥೆ ಬೇರೆ. ಮಳೆಗಾಲದಲ್ಲಿ ನೀರೊಳಗಿನ ಮರಗಳ ಮೇಲೆ ಬಿಳಿ ಕೆಂಬರಲು ಹಕ್ಕಿಗಳು ಗೂಡು ಕಟ್ಟುತ್ತವೆ. ಮರಿಗಳ ಗಲಾಟೆ, ವಾಸನೆ, ಎಲ್ಲ ಸೇರಿ ಒಂದು ಸಂತೆ. ಮಾಗಡಿಗೆ ಬರುವವರು ಸಂಸಾರ ಹೂಡಲು ಬರುವುದಿಲ್ಲ, ಚಳಿ ಕಳೆಯಲು ಬರುತ್ತಾರೆ. ಹಾಗಾಗಿ ಗುಡವಿ ನೋಡಿದವರು ಮಾಗಡಿಯಲ್ಲಿ ಗೂಡು ಹುಡುಕಬೇಡಿ. ನಾನು ಮೊದಲ ಸಲ ಒಂದು ಗಂಟೆ ಮರ ನೋಡುತ್ತಾ ನಿಂತಿದ್ದೆ!

ಸಿಲ್ಕ್ ಬೋರ್ಡ್ ಸಂತ್ರಸ್ತ:
ಒಂದು ಅನುಮಾನ. ಅವತ್ತು ಹತ್ತಿರದಲ್ಲಿ ಕಂಡ ಹಕ್ಕಿ ಇದು ಮಾತ್ರ. ಮೈಯೆಲ್ಲ ಕಿತ್ತಳೆ-ಕಂದು, ತಲೆ ತಿಳಿಬಣ್ಣ, ಜೋಡಿಯಾಗಿ ಕೆಸರಿನಲ್ಲಿ ನಿಂತಿದ್ದವು. 'ಆಂಗ್, ಆಂಗ್' ಅಂತ ಕೂಗುತ್ತಿದ್ದವು. ಯಾವ ಬಾತು?

ಹೊಳೆದಂಡೆ:
ಜಕ್ಕವಕ್ಕಿ ಸರ್! ಏನೂ ಕಾಣಲಿಲ್ಲ ಅಂತಿದ್ದಿರಿ. ಬ್ರಾಹ್ಮಿಣಿ ಬಾತು ಅಂತಲೂ ಹೇಳುತ್ತಾರೆ. ನಮ್ಮ ಹಳಗನ್ನಡ ಕವಿಗಳಿಗೆ ಇದು ಅಚ್ಚುಮೆಚ್ಚು. ರಾತ್ರಿ ಆದರೆ ಗಂಡು ಹೆಣ್ಣು ಬೇರೆಯಾಗಿ ಒಂದನ್ನೊಂದು ಕೂಗಿ ಅಳುತ್ತವೆ, ಬೆಳಗಾದರೆ ಸೇರುತ್ತವೆ ಅಂತ ಕಲ್ಪನೆ. ಚಕ್ರವಾಕ ಅಂದರೂ ಇದೇ.

ನಸುಕಿನ ನಡಿಗೆ:
ಅದೂ ಚಳಿಗಾಲದ ನೆಂಟ. ನನಗೆ ಖುಷಿಯ ವಿಷಯ ಇನ್ನೊಂದಿದೆ. ಪಕ್ಕದ ಲಕ್ಷ್ಮೇಶ್ವರ ಅಂದರೆ ಹಳೆಯ ಪುಲಿಗೆರೆ, ತಿರುಳ್ಗನ್ನಡದ, ಅಂದರೆ ಅಚ್ಚಗನ್ನಡದ ಸೀಮೆ. ಜಕ್ಕವಕ್ಕಿ ಅನ್ನುವ ಹೆಸರು ಓದಿ ಬಂದವರಿಗೆ ಹಕ್ಕಿಯೇ ಅಲ್ಲಿ ಕೆಸರು ತುಳಿಯುತ್ತಾ ನಿಂತಿರುತ್ತದೆ. ಊರಿನ ಹೆಸರಿನಲ್ಲೂ ಕೆರೆ ಇದೆ. ಹುಲಿ ಇದ್ದ ಕೆರೆಯೋ ಏನೋ!

ಸಿಲ್ಕ್ ಬೋರ್ಡ್ ಸಂತ್ರಸ್ತ:
ಜಕ್ಕವಕ್ಕಿ ನೋಡಿ ಬಂದು ಹಕ್ಕಿ ಇಲ್ಲ ಅಂತ ಬರೆದಿದ್ದೇನೆ. ಹೆಂಡತಿಗೆ ತೋರಿಸಿದೆ, ಅವಳು ಇನ್ನೂ ನಗುತ್ತಿದ್ದಾಳೆ.

ಕಿಟಕಿಗುಬ್ಬಿ:
ಹೋಗಿ ಬಂದೆವು! ಎಲ್ಲ ಬರೆಯುತ್ತೇನೆ.
ನಸುಕಿನ ನಾಲ್ಕೂವರೆಗೆ ಮನೆ ಬಿಟ್ಟೆವು. ಕೆರೆ ಹತ್ತಿರ ಹೋದಾಗ ಇನ್ನೂ ಕತ್ತಲು. ಚಳಿ ಅಂದರೆ ಚಳಿ. ಅಪ್ಪ ಮಫ್ಲರ್ ಸುತ್ತಿಕೊಂಡು ಕುರ್ಚಿಯಲ್ಲಿ ಕೂತರು. ನಾನೂ ಮಗಳೂ ಏರಿ ಮೇಲೆ ಸ್ವಲ್ಪ ದೂರ ನಡೆದೆವು. ಮೊದಲು ಏನೂ ಇಲ್ಲ. ಒಂದು ಟಿಟ್ಟಿಭ ಮಾತ್ರ ನಮ್ಮನ್ನು ನೋಡಿ ಊರಿಗೆಲ್ಲ ಸುದ್ದಿ ಮುಟ್ಟಿಸುತ್ತಿತ್ತು. ಇಷ್ಟೇನಾ ಅನಿಸಿತು.
ಆಮೇಲೆ ದನಿ ಬಂತು. ಮೇಷ್ಟ್ರು ಹೇಳಿದ್ದು ನಿಜ, ಕಣ್ಣಿಗಿಂತ ಮೊದಲು ಕಿವಿಗೆ. ದೂರದಲ್ಲಿ ಯಾರೋ ಗುಂಪಾಗಿ ಮಾತಾಡಿಕೊಂಡು ಬರುತ್ತಿರುವ ಹಾಗೆ. ತಿರುಗಿದರೆ ಹೊಲದ ಕಡೆಯಿಂದ ಒಂದು ಸಾಲು. ಅದರ ಹಿಂದೆ ಇನ್ನೊಂದು. ನಾವು ಕೆರೆ ಕಡೆ ಮುಖ ಮಾಡಿ ನಿಂತಿದ್ದೆವು, ಎರೆಹೊಲ ಅವರು ಬೈದ ಹಾಗೆಯೇ! ತಲೆ ಮೇಲೆ ಹೋಗುವಾಗ ರೆಕ್ಕೆಯ ಸದ್ದು ಕೇಳಿತು. ನೀರಿನ ಮೇಲೆ ಬಂದ ಕೂಡಲೇ ರೆಕ್ಕೆ ಸಡಿಲ ಬಿಟ್ಟು, ಅತ್ತಿತ್ತ ವಾಲಿ, ಬಿದ್ದಂತೆ ಇಳಿಯುತ್ತವೆ. ಮಗಳು ಬಾಯಿ ಬಿಟ್ಟುಕೊಂಡು ನಿಂತಿದ್ದಳು. ಒಂದು ಮಾತಿಲ್ಲ. ನಮ್ಮ ಮನೆಯಲ್ಲಿ ಅದು ಅಪರೂಪ.
ಎಣಿಸೋಕೆ ಹೋಗಿ ಸೋತೆವು. ಮಗಳದ್ದು 430, ನನ್ನದು 700, ಅಪ್ಪನದು 'ಬಹಳ'.
ಏಳೂವರೆ ಹೊತ್ತಿಗೆ ಎಲ್ಲ ಕೂತು ತಲೆ ಹಿಂದಕ್ಕೆ ತಿರುಗಿಸಿ ಮಲಗಿಬಿಟ್ಟವು. ಆಮೇಲೆ ಬೇರೆಯವರನ್ನು ನೋಡಿದೆವು. ಗುಳುಮುಳುಕ ಮುಳುಗಿ ಎಲ್ಲಿ ಏಳುತ್ತದೆ ಅಂತ ಮಗಳೂ ಅಜ್ಜನೂ ಪಂದ್ಯ ಕಟ್ಟಿದರು. ಕೆಂಪು ಕಡ್ಡಿಯಂಥ ಕಾಲಿನ ಮೆಟ್ಟುಗಾಲು ಹಕ್ಕಿ, ಹಣೆಗೆ ಬಿಳಿ ನಾಮ ಇಟ್ಟುಕೊಂಡ ನಾಮದಕೋಳಿ, ಬಣ್ಣದ ಕೊಕ್ಕರೆ ನಾಲ್ಕು. ಜಕ್ಕವಕ್ಕಿ ಒಂದು ಜೋಡಿ. ಕುತ್ತಿಗೆಪಟ್ಟಿ ಯಾವುದಕ್ಕೂ ಕಾಣಲಿಲ್ಲ. ಮಗಳಿಗೆ ಅದೊಂದು ಬೇಜಾರು.
ಒಂದು ಪೆದ್ದುತನ ಹೇಳಿಬಿಡುತ್ತೇನೆ. ಹತ್ತಿರದಿಂದ ನೋಡೋಣ ಅಂತ ಕೆರೆ ಅಂಗಳಕ್ಕೆ ಇಳಿದೆ, ಚಪ್ಪಲಿಯಲ್ಲಿ. ಎರೆ ಮಣ್ಣು. ನಾಲ್ಕು ಹೆಜ್ಜೆಗೆ ಒಂದೊಂದು ಕಾಲು ಎರಡೆರಡು ಕಿಲೋ. ಐದನೇ ಹೆಜ್ಜೆಗೆ ಕಾಲು ಬಂತು, ಚಪ್ಪಲಿ ಬರಲಿಲ್ಲ. ದಂಡೆಯಲ್ಲಿದ್ದ ವರಟೆಗಳು (ಸಣ್ಣ ಬಾತುಗಳು) ನೋಡಿ ದೂರ ಸರಿದವು. ಇಳಿಯಬಾರದು ಅಂತ ಆಗ ಗೊತ್ತಾಯಿತು. ಶೂ ಹಾಕಿಕೊಂಡು ಏರಿ ಮೇಲೇ ಇರಿ.
ಒಂಬತ್ತಕ್ಕೆ ಬುತ್ತಿ ಬಿಚ್ಚಿದೆವು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಅಪ್ಪ ಚಟ್ನಿ ನೋಡಿ 'ಅವೂ ಇದನ್ನೇ ತಿಂದು ಬಂದು ಮಲಗಿವೆ' ಅಂದರು.

ನಸುಕಿನ ನಡಿಗೆ:
ಓದಿ ಹೊಟ್ಟೆ ತುಂಬಿತು. ಎಣಿಸಲು ಒಂದು ಉಪಾಯ: ಮೊದಲು ಹತ್ತು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ಅಂತ ಕಣ್ಣಲ್ಲಿ ಹಿಡಿಯಿರಿ. ಆಮೇಲೆ ಅಂಥ ಹತ್ತುಗಳನ್ನು ಎಣಿಸಿ. ಕೂತಾಗ ಎಣಿಸಿ, ಹಾರುವಾಗ ಬೇಡ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ, 1987ರಿಂದ ನಡೆದುಕೊಂಡು ಬಂದಿದೆ. ಅದರಲ್ಲೂ ಹೀಗೇ ಎಣಿಸುವುದು. ಮಗಳನ್ನು ಕರೆತನ್ನಿ.

ಹೊಳೆದಂಡೆ:
ಚಳಿಗಾಲದಲ್ಲಿ ಸುಮಾರು 8,000 ಹಕ್ಕಿ ಬರುತ್ತವೆ ಅಂತ ಎಲ್ಲ ಕಡೆ ಬರೆಯುತ್ತಾರಲ್ಲ ಮೇಷ್ಟ್ರೇ, ನಿಜವಾ?

ನಸುಕಿನ ನಡಿಗೆ:
ರಾಮ್ಸರ್ ಸಮಯದಲ್ಲಿ ಕೊಟ್ಟ ಅಂಕಿ ಅದು. ಜೊತೆಗೆ 166 ಜಾತಿ, ಅದರಲ್ಲಿ 130 ವಲಸೆ ಬರುವಂಥವು ಅಂತಲೂ ಇದೆ. ಆದರೆ ಅಂಕಿ ಹಿಡಿದುಕೊಂಡು ಹೋಗಬೇಡಿ. ಒಂದು ವರ್ಷ ಕೆರೆ ಕೋಡಿ ಬಿದ್ದಿರುತ್ತದೆ. ಬಾತಿಗೆ ಅದು ಸೊಗಸು, ಆದರೆ ಕೆಸರಿನ ಅಂಚಿನಲ್ಲಿ ಕೆದಕಿ ತಿನ್ನುವ ಸಣ್ಣ ಹಕ್ಕಿಗೆ ಕಾಲೂರಲು ಜಾಗ ಇಲ್ಲ. ಇನ್ನೊಂದು ವರ್ಷ ನೀರು ತಳ ಸೇರಿ ಸಣ್ಣವರಿಗೆ ಹಬ್ಬ. 2023ರಂಥ ಬರ ಬಂದರೆ ಎಲ್ಲ ಲೆಕ್ಕ ತಲೆಕೆಳಗು. ಹೊರಡುವ ಮೊದಲು ಊರಲ್ಲಿ ಯಾರನ್ನಾದರೂ ಕೇಳುವುದೇ ಸರಿ. ಮಳೆ ಹೇಗಾಗಿದೆ, ಕೆರೆಯಲ್ಲಿ ನೀರಿದೆಯಾ, ಅಷ್ಟೇ ಕೇಳಿ.

ಮೂರನೇ ಲೆನ್ಸ್:
ಭಾನುವಾರ ಸಂಜೆ ಹೋಗಿದ್ದೆ. ಏರಿ ಮೇಲೆ ಕೂತು ಕಾದೆ. ಐದೂಮುಕ್ಕಾಲಿನವರೆಗೆ ಏನೂ ಆಗಲಿಲ್ಲ, ನಿಮ್ಮನ್ನೆಲ್ಲ ಬೈದುಕೊಂಡೆ. ಆಮೇಲೆ ಒಂದು ಬಾತು ಕತ್ತು ಎತ್ತಿತು. ಪಕ್ಕದ್ದು ಎತ್ತಿತು. ಗೊಣಗಾಟ ಶುರುವಾಯಿತು. ಹತ್ತಿಪ್ಪತ್ತರ ಗುಂಪುಗಳಾಗಿ ಎದ್ದವು, ಕೆಂಪು ಆಕಾಶಕ್ಕೆ ಎದುರಾಗಿ. ಚಪ್ಪಾಳೆ ಚಿತ್ರದಲ್ಲಿ ಎಲ್ಲವೂ ಹೆದರಿ ಚೆಲ್ಲಾಪಿಲ್ಲಿ ಆಗಿರುತ್ತಿದ್ದವು. ಇದರಲ್ಲಿ ಸಾಲು ಇದೆ.

ಕಿಟಕಿಗುಬ್ಬಿ:
ಒಂದು ಮರೆತೆ. ಅಪ್ಪನ ಮಡಚುವ ಕುರ್ಚಿ, ನೀಲಿ ಬಣ್ಣದ್ದು, ಏರಿ ಮೇಲೇ ಬಿಟ್ಟು ಬಂದಿದ್ದೇವೆ! ಚಪ್ಪಲಿ ಗಲಾಟೆಯಲ್ಲಿ ಗಮನ ಹೋಗಲಿಲ್ಲ. ಯಾರಾದರೂ ಆ ಕಡೆ ಹೋದರೆ ಸ್ವಲ್ಪ ನೋಡುತ್ತೀರಾ?

ಎರೆಹೊಲ:
ಕುರ್ಚಿ ನಮ್ಮ ಹೊಲದ ಗುಡಿಸಲಿನಲ್ಲಿ ಇದೆ ಅಕ್ಕಾರೇ. ಯಾರದ್ದು ಅಂತ ಅವತ್ತೇ ಅಂದಾಜು ಆಗಿತ್ತು. ಈಗ ರಾತ್ರಿ ಕಡಲೆ ಕಾಯಲು ನಾನೇ ಕೂರುತ್ತಿದ್ದೇನೆ. ಬಹಳ ಅನುಕೂಲ ಆಗಿದೆ. ಅಪ್ಪಾಜಿಗೆ ಅವಸರ ಇಲ್ಲ ಅಂದರೆ ಜನವರಿ ಗಣತಿಗೆ ಬಂದಾಗ ಒಯ್ಯಿರಿ.

ಕಿಟಕಿಗುಬ್ಬಿ:
ಅಪ್ಪನಿಗೆ ಓದಿ ಹೇಳಿದೆ. 'ಇಟ್ಟುಕೊಳ್ಳಲಿ, ಆದರೆ ಬಾತಿಗೆ ಬ್ಯಾಟರಿ ಜಾಸ್ತಿ ಬಿಡಬೇಡ ಅನ್ನು' ಅಂದರು.